ಡಬ್ಬಲ್ ಚೋಲ್ ಕಾರು

ಅಡಿಕೆ ಬೆಳೆಯುವವನಿಗೆ ಹಳೆಯದರ ಮೇಲೆ ಭಕ್ತಿ ಹೆಚ್ಚು. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಗಳಲ್ಲಿ ಈ ವರ್ಷ ಸುಲಿದದ್ದು ಹೊಸ ಅಡಿಕೆ. ಅದನ್ನೇ ಒಂದು ವರ್ಷ ಇಟ್ಟರೆ ಸಿಂಗಲ್ ಚೋಲ್, ಎರಡು ವರ್ಷ ಇಟ್ಟರೆ ಡಬ್ಬಲ್ ಚೋಲ್. ಹೆಸರಿನ ಜೊತೆ ದರವೂ ಏರುತ್ತದೆ. ಐವತ್ತು ವರ್ಷ ಈ ಲೆಕ್ಕದಲ್ಲೇ ಪಳಗಿದ ತಲೆಗೆ, ಹದಿಮೂರು ವರ್ಷದ ಜರ್ಮನ್ ಕಾರೊಂದು ಹನ್ನೊಂದು ಕ್ವಿಂಟಾಲ್ ಅಡಿಕೆಯ ಬೆಲೆಗೆ ಮಂಗಳೂರಿನಲ್ಲಿ ಸಿಗುತ್ತದೆ ಎಂಬ ಸುದ್ದಿ ಬಿದ್ದರೆ ಏನಾಗಬೇಕೋ ಅದೇ ಆಯಿತು. ಹೊಸದಾಗಿದ್ದಾಗ ಅದರ ಬೆಲೆ ಅರ್ಧ ಕೋಟಿಯ ಹತ್ತಿರ. ಹದಿಮೂರು ವರ್ಷ ಯಾರೋ ಪುಣ್ಯಾತ್ಮರು ನನಗಾಗಿಯೇ ಅಟ್ಟದಲ್ಲಿಟ್ಟು ಕಾದಿದ್ದಾರೆ ಎಂದು ತೋರಿತು.

ಕಾರಿನ ಕಂಪೆನಿಯ ಹೆಸರು ಹೇಳುವುದಿಲ್ಲ. ನಮ್ಮ ಅಜ್ಜಿ ಕೊನೆಯವರೆಗೂ ಅಜ್ಜನ ಹೆಸರು ಹೇಳಲಿಲ್ಲ. ಅದು ಗೌರವವೋ ಕೋಪವೋ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನ್ನದೂ ಅದೇ ಸ್ಥಿತಿ ಎಂದುಕೊಳ್ಳಿ. ಆದರೆ ಜರ್ಮನರು ನಮಗೆ ಹೊಸಬರಲ್ಲ. 1834ರಲ್ಲಿ ಬಾಸೆಲ್ ಮಿಶನ್ನಿನೊಡನೆ ಮಂಗಳೂರಿಗೆ ಬಂದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು, 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚು ಮಾಡಿದರು. ನಮ್ಮ ಮನೆಯ ಮಾಡಿನ ಮಂಗಳೂರು ಹೆಂಚು ಇಂದಿಗೂ ಸೋರುವುದಿಲ್ಲ, ನಿಘಂಟು ಇಂದಿಗೂ ಕೈಬಿಡುವುದಿಲ್ಲ. ಹಾಗಿರುವಾಗ ಅವರ ಕಾರು ಮಾತ್ರ ಏಕೆ ಕೈಕೊಡುತ್ತದೆ ಎಂದು ಹೆಂಡತಿಯ ಮುಂದೆ ವಾದ ಮಂಡಿಸಿದೆ.

"ಹೆಂಚಿಗೆ ಚಕ್ರ ಇಲ್ಲ" ಎಂದಳು.

ಮಾರಾಟದ ಮಧ್ಯವರ್ತಿ ಮೊದಲ ಮಾತಿಗೇ "ಡಾಕ್ಟರರ ಕಾರು, ಒಬ್ಬರೇ ಓಡಿಸಿದ್ದು" ಎಂದ. ಹಳೆಯ ಕಾರುಗಳೆಲ್ಲ ಡಾಕ್ಟರರವೇ. ಮೇಷ್ಟರ ಕಾರು, ಗುತ್ತಿಗೆದಾರರ ಕಾರು ಎಂದು ಯಾರಾದರೂ ಮಾರಿದ್ದನ್ನು ನಾನು ಕಂಡಿಲ್ಲ. ಮೀಟರಿನಲ್ಲಿ 92,000 ಕಿಲೋಮೀಟರ್ ಇತ್ತು. ಅಡಿಕೆ ವ್ಯಾಪಾರಿ ಗೋಣಿಯ ಅಡಿಯವರೆಗೆ ಕೈಹಾಕಿ ಒಂದು ಹಿಡಿ ತೆಗೆದು, ನಾಲ್ಕನ್ನು ಸೀಳಿ ಒಳಗಿನ ಬಣ್ಣ ನೋಡಿದ ಮೇಲೆಯೇ ದರ ಹೇಳುತ್ತಾನೆ. ಆ ಕಲೆಯನ್ನು ಮೂವತ್ತು ವರ್ಷ ಎದುರಿಗೆ ಕೂತು ನೋಡಿದ ನಾನು ಏನು ಮಾಡಿದೆ? ಸೀಟು ಸವರಿದೆ. ಬಾಗಿಲು ಮುಚ್ಚಿ ನೋಡಿದೆ. ಹಣ್ಣಾದ ಹಲಸು ತರಗೆಲೆಯ ಮೇಲೆ ಬಿದ್ದಂತಹ ತುಂಬಿದ ಸದ್ದು ಬಂತು. ಆ ಒಂದು ಸದ್ದಿಗೇ ಹನ್ನೊಂದು ಕ್ವಿಂಟಾಲ್ ಅಡಿಕೆಯ ದುಡ್ಡು ಎಣಿಸಿ ಕೊಟ್ಟೆ.

ತಲಪಾಡಿ ದಾಟಿ, ಹೆದ್ದಾರಿ 66ರಲ್ಲಿ ಉಪ್ಪಳ ಕಳೆದು ಕುಂಬಳೆಗೆ ಬರುವವರೆಗೆ ನಾನು ನೆಲದ ಮೇಲೆ ಇರಲಿಲ್ಲ. ಕಾರಿಗಿದ್ದದ್ದು ಸ್ಪ್ರಿಂಗ್ ಅಲ್ಲ, ಗಾಳಿ ತುಂಬಿದ ರಬ್ಬರಿನ ಚೀಲಗಳು. ಹೊಂಡಗಳೆಲ್ಲ ದಿಂಬಿನೊಳಗಿನಿಂದ ತಟ್ಟಿದ ಹಾಗೆ ಕೇಳಿಸುತ್ತಿದ್ದವು. ಮನೆಯ ಅಂಗಳದಲ್ಲಿ ನಿಲ್ಲಿಸಿ, ಎರಡು ಸಲ ತಿರುಗಿ ನೋಡಿ ಮಲಗಿದೆ.

ಬೆಳಿಗ್ಗೆ ಕಾರೂ ಮಲಗಿತ್ತು. ಮುಂದಿನ ಎರಡು ಚಕ್ರಗಳು ಮೈಯೊಳಗೆ ಸೇರಿ, ಮೂತಿ ಮುರಕಲ್ಲಿನ ನೆಲಕ್ಕೆ ತಾಗಿತ್ತು. ಎಂಜಿನ್ ಚಾಲೂ ಮಾಡಿದೊಡನೆ ಎಲ್ಲಿಂದಲೋ ಗುಂಯ್ ಎಂಬ ಸದ್ದು ಹೊರಟು, ಮೊದಲು ಹಿಂಭಾಗ ಮೇಲೆದ್ದಿತು, ಸ್ವಲ್ಪ ಯೋಚಿಸಿತು, ಆಮೇಲೆ ಮುಂಭಾಗ ಎದ್ದಿತು. ಅಮ್ಮ ಹಟ್ಟಿಯ ಬಾಗಿಲಲ್ಲಿ ನಿಂತು ನೋಡಿ, "ದನ ಏಳುವ ಹಾಗೆಯೇ ಏಳುತ್ತದೆ, ಗಬ್ಬದ್ದೋ?" ಎಂದು ಕೇಳಿದರು.

ಕಾಸರಗೋಡಿನ ಮೆಕ್ಯಾನಿಕ್ ಸೋಪಿನ ನೀರು ಚಿಮುಕಿಸಿ, ರಬ್ಬರಿನ ಮಡಿಕೆಗಳಲ್ಲಿ ಗುಳ್ಳೆ ಏಳುವುದನ್ನು ತೋರಿಸಿದ. ವಯಸ್ಸಾದಾಗ ರಬ್ಬರು ಮಡಿಕೆಯಲ್ಲೇ ಬಿರಿಯುತ್ತದೆ. ಗಾಳಿ ಸೋರಿದಷ್ಟೂ ತುಂಬಲು ಕಂಪ್ರೆಸರ್ ದುಡಿಯುತ್ತದೆ. ದುಡಿದು ದುಡಿದು ಒಂದು ದಿನ ಅದೂ ಸುಟ್ಟುಹೋಗುತ್ತದೆ. ಒಬ್ಬರ ಸೋರಿಕೆಗೆ ಇನ್ನೊಬ್ಬರು ಸಾಯುವ ಈ ವ್ಯವಸ್ಥೆ ನಮ್ಮ ಕೂಡುಕುಟುಂಬಗಳಲ್ಲಿಯೂ ಇತ್ತು. ಬೆಲೆ ಕೇಳಿದೆ. ಒಂದು ಕಾಲಿಗೆ ಸುಮಾರು ಎರಡು ಕ್ವಿಂಟಾಲ್ ಅಡಿಕೆ. ಕಾರಿನ ಬೆಲೆ ವರ್ಷ ವರ್ಷ ಇಳಿದರೂ ಬಿಡಿಭಾಗಗಳು ಅರ್ಧ ಕೋಟಿಯ ಗತ್ತನ್ನು ಬಿಟ್ಟಿರುವುದಿಲ್ಲ ಎಂಬ ವಿಷಯ ನನಗೆ ತಿಳಿದದ್ದು ಆ ಬೆಂಚಿನ ಮೇಲೆ. ನಾಲ್ಕು ಕಾಲು, ಒಂದು ಕಂಪ್ರೆಸರ್ ಎಂದು ಮನಸ್ಸಿನಲ್ಲೇ ಕೂಡಿಸಿ, ಅರ್ಧಕ್ಕೆ ನಿಲ್ಲಿಸಿದೆ.

ಅಷ್ಟಕ್ಕೆ ಬಿಡದೆ ಆತ ಬ್ರೇಕ್ ಪೆಡಲ್ ತೋರಿಸಿದ. ಅದರ ರಬ್ಬರಿನ ಗೆರೆಗಳೆಲ್ಲ ಸವೆದು, ದೇವಸ್ಥಾನದ ಹೊಸ್ತಿಲಿನ ಹಾಗೆ ನುಣುಪಾಗಿತ್ತು. ಸ್ಟಿಯರಿಂಗಿನ ಚರ್ಮವೂ ಹಾಗೆಯೇ. "92,000ಕ್ಕೆ ಇಷ್ಟು ಸವೆಯುವುದಿಲ್ಲ" ಎಂದ. ಹದಿನೇಳು ಅಕ್ಷರ, ಅಂಕೆಗಳ ಚಾಸಿಸ್ ನಂಬರು ಹಿಡಿದು, ಪರಿಚಯದವರ ಮೂಲಕ ಹಳೆಯ ಸರ್ವಿಸ್ ದಾಖಲೆ ತರಿಸಿದ. 2017ರಲ್ಲಿಯೇ ಕಾರು 1,61,000 ಕಿಲೋಮೀಟರ್ ಓಡಿತ್ತು. ಅಂದಿನಿಂದ ಹಿಂದಕ್ಕೇ ಓಡುತ್ತಿತ್ತೆಂದು ಕಾಣುತ್ತದೆ.

ಇನ್ನು ನೋಂದಣಿಯ ಪುರಾಣ. ಕಾರಿನದು ಮಂಗಳೂರಿನ ಕೆಎ 19, ನಾವಿರುವುದು ಕೇರಳದ ಕಾಸರಗೋಡಿನ ಕೆಎಲ್ 14. ಒಂದು ರಾಜ್ಯದ ವಾಹನ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ನಿಂತರೆ ಹೊಸ ನಂಬರಿಗೆ ಅರ್ಜಿ ಹಾಕಬೇಕು. ಅದಕ್ಕೆ ಮೊದಲು ಅಲ್ಲಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು. ಆ ಪತ್ರಕ್ಕಾಗಿ ನಾನು ಗಡಿ ದಾಟಿದ್ದು ಏಳು ಸಲ. ಒಮ್ಮೆ ಸಹಿ ಇರಲಿಲ್ಲ, ಒಮ್ಮೆ ಸಹಿ ಹಾಕುವವರು ಇರಲಿಲ್ಲ, ಒಮ್ಮೆ ಇಬ್ಬರೂ ಇದ್ದು ಕರೆಂಟು ಇರಲಿಲ್ಲ. 1956ರ ನವೆಂಬರ್ 1ರಂದು ನಮ್ಮ ಇಡೀ ಕಾಸರಗೋಡು ತಾಲೂಕು ಮನೆ, ತೋಟ, ದನಕರು, ಶಾಲೆ ಸಮೇತ ಒಂದೇ ರಾತ್ರಿಯಲ್ಲಿ ಕೇರಳಕ್ಕೆ ಸೇರಿತು. ಆಗ ನಿರಾಕ್ಷೇಪಣಾ ಪತ್ರವನ್ನು ಯಾರೂ ಕೇಳಲಿಲ್ಲ, ಆಕ್ಷೇಪವಿದ್ದವರನ್ನಂತೂ ಕೇಳಲೇ ಇಲ್ಲ. ಒಂದು ಕಾರನ್ನು ಸೇರಿಸಲು ಐದು ತಿಂಗಳು! ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗದ ವರದಿ ಹೇಳಿತ್ತಲ್ಲ, ಅದು ಜಾರಿಯಾಗಿದ್ದರೆ ನನಗೆ ಫಾರಂ 28ರ ಹಂಗೇ ಇರಲಿಲ್ಲ. ಗಡಿ ಸಮಸ್ಯೆಯ ಈ ಮುಖವನ್ನು ಯಾವ ಭಾಷಣದಲ್ಲಿಯೂ ಯಾರೂ ಎತ್ತಿದ್ದಿಲ್ಲ. ನನಗೂ ಕಾರು ಕೊಳ್ಳುವವರೆಗೆ ಹೊಳೆದಿರಲಿಲ್ಲ ಎನ್ನಿ.

ಇಲ್ಲಿನ ಅರ್ಜಿಗಳು ಮಲಯಾಳದಲ್ಲಿ. ಕಾರಿನ ಪರದೆಯಲ್ಲಿ ಭಾಷೆ ಬದಲಿಸುವ ಸೌಲಭ್ಯ ಉಂಟೆಂದು ಮಗ ಹುಡುಕಿದ. ಯುರೋಪಿನ ಭಾಷೆಗಳು ಸಾಲಾಗಿ ಬಂದವು, ಕನ್ನಡ ಅಲ್ಲಿಯೂ ಇಲ್ಲ. ಹೋಗಲಿ, ಯಾವ ಭಾಷೆಗೆ ಬದಲಿಸಿದರೂ ಅದು ಹೇಳುತ್ತಿದ್ದದ್ದು ಒಂದೇ ಮಾತು: ವರ್ಕ್‌ಶಾಪಿಗೆ ಹೋಗಿ.

ಮಳೆಗಾಲ ಬಂತು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಹಲಸಿನ ಮರದ ಕೆಳಗೆ ಕಾರು ನಿಲ್ಲಿಸಬಾರದು. ಮುಂಗಾಜಿನ ಬುಡದಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಎಲೆ ಕೊಳೆತು ಅವು ಕಟ್ಟಿಕೊಂಡರೆ ನೀರು ಒಳಗೆ ಇಳಿಯುತ್ತದೆ. ತೋಟದಲ್ಲಿ ನೀರು ಹರಿಯುವ ಕಣಿ ಬಿಡಿಸುವುದನ್ನು ಅಜ್ಜನ ಕಾಲದಿಂದ ಬಲ್ಲ ನಮಗೆ ಕಾರಿನ ಕಣಿ ಗೊತ್ತಿರಲಿಲ್ಲ. ಜುಲೈಯಲ್ಲಿ ಒಂದು ದಿನ ಎಡಗಡೆಯ ಕಾರ್ಪೆಟ್ಟಿನ ಮೇಲೆ ಕಪ್ಪೆ ಕೂತಿತ್ತು. ನನ್ನನ್ನು ನೋಡಿ ಅದು ಕದಲಲಿಲ್ಲ. ಕಾರಿನಲ್ಲಿ ಅಷ್ಟು ನೆಮ್ಮದಿಯಾಗಿ ಕೂತ ಜೀವ ಅದೊಂದೇ.

ಎಲ್ಲವನ್ನೂ ಸಹಿಸಬಹುದಿತ್ತು, ಸೋದರಳಿಯನ ಮದುವೆಯೊಂದನ್ನು ಬಿಟ್ಟು. ಮದುಮಗನನ್ನು ನನ್ನ ಕಾರಿನಲ್ಲೇ ಕರೆದೊಯ್ಯುವುದೆಂದು ನಾನೇ ಹೇಳಿದ್ದೆ. ಬಾನೆಟ್ಟಿಗೆ ಮಲ್ಲಿಗೆ ಕಟ್ಟಿ, ಮಧೂರಿನಲ್ಲಿ ಗಣಪತಿಗೆ ಕೈಮುಗಿದು ಹೊರಟೆವು. ಮೊದಲ ಏರಿನಲ್ಲಿಯೇ ಗೇರ್‌ಬಾಕ್ಸಿಗೆ ಏನೋ ಅನುಮಾನ ಬಂತು. ಇಂತಹ ಕಾರುಗಳ ಗೇರ್‌ಬಾಕ್ಸು ಅನುಮಾನ ಬಂದರೆ ತನ್ನ ಪ್ರಾಣ ಉಳಿಸಿಕೊಳ್ಳಲು ಒಂದೇ ಗೇರು ಹಿಡಿದು ಕೂರುತ್ತದೆ. ಲಿಂಪ್ ಮೋಡ್ ಎನ್ನುತ್ತಾರೆ, ಕುಂಟುನಡಿಗೆ. ಎಂಜಿನ್ ಬೊಬ್ಬಿಡುತ್ತದೆ, ಕಾರು ಮೆರವಣಿಗೆಯ ಆನೆಯ ಹಾಗೆ ಸಾಗುತ್ತದೆ. ಮೊದಲು ರಿಕ್ಷಾ ನಮ್ಮನ್ನು ದಾಟಿತು, ಆಮೇಲೆ ಬ್ಯಾಂಡಿನವರ ವ್ಯಾನು, ಆಮೇಲೆ ಮೀನಿನ ಸ್ಕೂಟರು. ಬಸ್ಸಿನ ಕಿಟಕಿಯಿಂದ ಯಾರೋ ಮದುಮಗನಿಗೆ ಕೈಬೀಸಿದರು.

"ಮಾವ, ಮುಹೂರ್ತಕ್ಕೆ ಇಪ್ಪತ್ತು ನಿಮಿಷ ಉಂಟು" ಎಂದ ಅಳಿಯ, ಬಹಳ ಮೃದುವಾಗಿ. ಅಷ್ಟರಲ್ಲಿ ಅಡುಗೆಯವರ ಪಿಕಪ್ ಬಂತು. ಮದುಮಗ ಪಂಚೆ ಎತ್ತಿಕೊಂಡು ಮಜ್ಜಿಗೆಯ ಡ್ರಮ್ಮಿನ ಪಕ್ಕ ಹತ್ತಿ ನಿಂತ. ಪೇಟ ಹಾರದಂತೆ ಕೈಯಲ್ಲಿ ಒತ್ತಿ ಹಿಡಿದು ತಿರುವಿನಲ್ಲಿ ಮರೆಯಾದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಮಂಟಪ ತಲುಪಿದಾಗ ಎರಡನೇ ಪಂಕ್ತಿ ನಡೆಯುತ್ತಿತ್ತು. ಪಾಯಸ ಇತ್ತು, ಅದನ್ನು ಹೇಳಲೇಬೇಕು.

ಈಗ ಕಾರಿಗೆ ಕೆಎಲ್ 14 ಬಂದಿದೆ. ಎರಡು ಕಾಲು ಹೊಸದು, ಮುಂದಿನ ಬಲಗಾಲಿಗೆ ಅಡಿಕೆಯ ದರ ಏರುವುದನ್ನು ಕಾಯುತ್ತಿದ್ದೇನೆ. ಮೊನ್ನೆ ಏಪ್ರಿಲ್‌ನಲ್ಲಿ ಬೆಳಿಗ್ಗೆ ಪೇಟೆಗೆಂದು ಹೊರಟು ಅಂಗಳಕ್ಕೆ ಬಂದರೆ, ಬಾನೆಟ್ಟಿನ ಮೇಲೆ ಹಳೆಯ ಪಂಚೆ ಹಾಸಿ ಅಮ್ಮ ಹಲಸಿನ ಹಪ್ಪಳ ಹರಡುತ್ತಿದ್ದರು. ಕಪ್ಪು ಬಣ್ಣ, ಒಳ್ಳೆಯ ಬಿಸಿಲು. ಚಾಪೆಯ ಮೇಲೆ ಎರಡು ದಿನ ಬೇಕಾದದ್ದು ಇಲ್ಲಿ ಒಂದೇ ದಿನಕ್ಕೆ ಒಣಗುತ್ತದಂತೆ. ರಾತ್ರಿ ಬಲಗಡೆಯ ಗಾಳಿ ಇಳಿದದ್ದರಿಂದ ಆ ಮೂಲೆ ಅಮ್ಮನ ಕೈಗೆ ಸರಿಯಾಗಿ ಎಟಕುವ ಎತ್ತರದಲ್ಲಿತ್ತು.

"ಇವತ್ತು ಬಸ್ಸಿನಲ್ಲಿ ಹೋಗು" ಎಂದರು ತಲೆಯೆತ್ತದೆ. "ಈಗ ಚಾಲೂ ಮಾಡಿದರೆ ಇದು ಎದ್ದು ನಿಲ್ಲುತ್ತದೆ, ಹಪ್ಪಳ ಜಾರುತ್ತದೆ."