ಬೇರೆ ಬೇರೆ ಇದ್ದ ಮಾತ್ರಕ್ಕೆ ಗುಟ್ಟಾಗುವುದಿಲ್ಲ

ಕಳೆದ ತಿಂಗಳು ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಹನ್ನೆರಡು ಸರ್ಕ್ಯೂಟ್ ಬೋರ್ಡುಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಬೋರ್‌ವೆಲ್ ಮೋಟರನ್ನು ಮೊಬೈಲಿನಿಂದಲೇ ಆನ್ ಮಾಡುವ ಸ್ಟಾರ್ಟರಿಗಾಗಿ ಅವನ ಕಂಪನಿ ತಯಾರಿಸಿದವು ಅವು. ತೋಟದವರನ್ನು ಬಿಟ್ಟು ಬೇರೆ ಯಾರ ಮಾತನ್ನೂ ಮೋಟರು ಕೇಳಬಾರದೆಂದು, ಪ್ರತಿ ಬೋರ್ಡೂ ಮೊದಲ ಸಲ ಆನ್ ಆದಾಗ ತನ್ನದೇ ಒಂದು ರಹಸ್ಯ ಕೀ ಸೃಷ್ಟಿಸಿಕೊಳ್ಳುತ್ತದೆ. "ಒಂದು ಕೀ ಇದ್ದಂಗೆ ಇನ್ನೊಂದಿಲ್ಲ ಸರ್, ಎಲ್ಲಾ ಚೆಕ್ ಮಾಡೀನಿ" ಎಂದ.

ಅವನ ಮಾತು ನಿಜವೇ ಆಗಿತ್ತು. ಆದರೆ ಪ್ರೋಗ್ರಾಂ ತೆರೆದು ನೋಡಿದಾಗ, ಬೋರ್ಡಿನ ಮ್ಯಾಕ್ ವಿಳಾಸವನ್ನೇ (ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಸೀಡ್ ಆಗಿ, ಅಂದರೆ ಲೆಕ್ಕದ ಆರಂಭದ ಸಂಖ್ಯೆಯಾಗಿ ಕೊಟ್ಟು ರ‍್ಯಾಂಡಮ್ ಸಂಖ್ಯೆ ತೆಗೆದಿದ್ದರು. ಒಂದೇ ಸೀಡ್ ಕೊಟ್ಟರೆ ಪ್ರತಿ ಸಲವೂ ಅದೇ ಸಂಖ್ಯೆ ಬರುತ್ತದೆ. ಬೋರ್ಡುಗಳನ್ನು ಬೋರಲು ಹಾಕಿ ಚೀಟಿಗಳನ್ನು ಓದಿದೆವು. ಹನ್ನೆರಡರಲ್ಲೂ ವಿಳಾಸದ ಮೊದಲರ್ಧ ಒಂದೇ. 48 ಬಿಟ್‌ಗಳ ಆ ವಿಳಾಸದಲ್ಲಿ ಮೊದಲ 24 ತಯಾರಕರ ಗುರುತು. ಉಳಿದ 24 ಬಿಟ್‌ಗಳಿಗೆ 1,67,77,216 ಸಾಧ್ಯತೆಗಳಷ್ಟೇ ಇದ್ದು, ಅವೆಲ್ಲವನ್ನೂ ಪರೀಕ್ಷಿಸುವುದು ಸಾಮಾನ್ಯ ಲ್ಯಾಪ್‌ಟಾಪಿಗೂ ಕಷ್ಟವಲ್ಲ. ಅಷ್ಟರ ಅಗತ್ಯವೂ ಇಲ್ಲ. ವೈಫೈ ಸಾಧನವು ಕಳಿಸುವ ಸಂದೇಶಗಳಲ್ಲಿ ಈ ವಿಳಾಸ ಬಟಾಬಯಲಾಗಿ ಹೋಗುತ್ತಿರುವುದರಿಂದ, ತೋಟದ ಬೇಲಿಯ ಪಕ್ಕ ನಿಂತವನಿಗೆ ಅದು ಸಿಕ್ಕೇ ಸಿಗುತ್ತದೆ. ನನ್ನ ವಿದ್ಯಾರ್ಥಿಯ ಕಣ್ಣೆದುರೇ ಒಂದು ಬೋರ್ಡಿನ ಕೀಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಹೊರತೆಗೆದೆ. ಅವನ ಮುಖ ಸಪ್ಪಗಾಯಿತು.

ಹಾಗೆಂದು ಮ್ಯಾಕ್ ವಿಳಾಸ, ಸೀರಿಯಲ್ ನಂಬರ್‌ಗಳನ್ನು ಮುಟ್ಟಲೇಬಾರದು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. 2012ರಲ್ಲಿ ಸಂಶೋಧಕಿ ನಾಡಿಯಾ ಹೆನಿಂಗರ್ ಮತ್ತು ಸಂಗಡಿಗರು ಇಂಟರ್‌ನೆಟ್ಟಿನಲ್ಲಿ ಬಳಕೆಯಲ್ಲಿದ್ದ ಕೀಗಳನ್ನು ರಾಶಿ ಹಾಕಿ ಪರೀಕ್ಷಿಸಿದಾಗ, ರೌಟರ್, ಫೈರ್‌ವಾಲ್‌ನಂತಹ ಅನೇಕ ಸಾಧನಗಳು ಒಂದೇ ಅವಿಭಾಜ್ಯ ಸಂಖ್ಯೆಯನ್ನು ಹಂಚಿಕೊಂಡಿದ್ದವು. ಒಂದೇ ಬಗೆಯ ಯಂತ್ರ, ಒಂದೇ ಸಾಫ್ಟ್‌ವೇರ್, ಆಗಷ್ಟೇ ಬೂಟ್ ಆದ ಸ್ಥಿತಿ. ಹೀಗಿರುವಾಗ ಎರಡು ಪೆಟ್ಟಿಗೆಗಳು ಒಂದೇ ಸಂಖ್ಯೆಯನ್ನು ಆರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ಮಾಡುವ ಅಂತಹ ಎರಡು ಆರ್‌ಎಸ್‌ಎ ಕೀಗಳನ್ನು ಒಡೆಯಲು ನಾವು ಶಾಲೆಯಲ್ಲಿ ಕಲಿತ ಮ.ಸಾ.ಅ. ಸಾಕು. ಅದೇ ವರ್ಷ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿಗೆ ಸೇರಿದ ಪರಿಹಾರ ನನಗೆ ಬಹಳ ಮೆಚ್ಚುಗೆಯಾದದ್ದು: ಮ್ಯಾಕ್ ವಿಳಾಸ, ಸೀರಿಯಲ್ ನಂಬರ್‌ಗಳನ್ನು ಎಂಟ್ರೊಪಿ (ಊಹೆಗೆ ಸಿಗದಿರುವ ಗುಣದ ಅಳತೆ) ಕೂಡಿಡುವ ಪೂಲಿಗೆ ಬೆರೆಸುತ್ತಾರೆ, ಆದರೆ ಅವುಗಳಿಂದ ಎಂಟ್ರೊಪಿ ಹೆಚ್ಚಿತೆಂದು ಒಂದು ಬಿಟ್ಟನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆರೆಸಿದ್ದರಿಂದ ಅವಳಿ ಯಂತ್ರಗಳು ಬೇರೆಯಾಗುತ್ತವೆ. ಊಹೆಗೆ ಸಿಗದಿರುವ ಗುಣ ಮಾತ್ರ ಬೇರೆ ಮೂಲದಿಂದಲೇ ಬರಬೇಕು.

ಅವನ ಬೋರ್ಡಿನ ಇಎಸ್‌ಪಿ32 ಚಿಪ್ಪಿನಲ್ಲಿಯೇ ರ‍್ಯಾಂಡಮ್ ಸಂಖ್ಯೆ ಕೊಡುವ ಹಾರ್ಡ್‌ವೇರ್ ಇದೆ. ಆದರೆ ವೈಫೈ, ಬ್ಲೂಟೂತ್ ಅಥವಾ ಅಂಥದೇ ಎಂಟ್ರೊಪಿ ಮೂಲವೊಂದು ಚಾಲೂ ಆದ ಮೇಲೆ ಕೇಳಿದರೆ ಮಾತ್ರ ಅದನ್ನು ನಿಶ್ಚಿಂತೆಯಿಂದ ನಂಬಬಹುದು. ಆದ್ದರಿಂದ ವೈಫೈ ಚಾಲೂ ಮಾಡಿದ ನಂತರವೇ ಕೀ ತಯಾರಿಸಿ, ಮ್ಯಾಕ್ ವಿಳಾಸವನ್ನೂ ಬೆರೆಸಿ, ಫ್ಲ್ಯಾಶ್ ಮೆಮೊರಿಯಲ್ಲಿ ಉಳಿಸುವಂತೆ ಇಬ್ಬರೂ ಕೂತು ತಿದ್ದಿದೆವು. ಮೇಜಿನ ಮೇಲಿದ್ದ ಹನ್ನೆರಡೂ ಅಂದೇ ಸರಿಹೋದವು. ಅದಕ್ಕೂ ಮೊದಲೇ ತೋಟ ಸೇರಿದ ಸ್ಟಾರ್ಟರುಗಳಲ್ಲಿ ಹಳೆಯ ಕೀಗಳೇ ಉಳಿದಿವೆ. ಖರ್ಚು ಎಷ್ಟೇ ಆಗಲಿ, ಕಂಪನಿಯವರು ತೋಟ ತೋಟಕ್ಕೆ ಹೋಗಿ ಅವುಗಳನ್ನು ಬದಲಿಸಿ ಕೊಡಬೇಕೆಂದು ಪತ್ರ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.