ಸೈಮನ್ ಹೇಳಲಿಲ್ಲ, ಮಿಸ್!

ಚಿಕ್ಕ ಮಕ್ಕಳಿಗೆ ಆಟ ಆಡಿಸುತ್ತಾ ಇಂಗ್ಲಿಷ್ ಕಲಿಸಿ ಎಂದು ಸಲಹೆ ಕೊಡುವವರೆಲ್ಲ ಒಂದು ಸಾಲನ್ನು ತಪ್ಪದೇ ಬರೆಯುತ್ತಾರೆ: ‘ಮಕ್ಕಳು ಉತ್ಸಾಹದಿಂದ ಭಾಗವಹಿಸುತ್ತಾರೆ.’ ಅಷ್ಟು ಬರೆದು ಮುಂದಿನ ಆಟಕ್ಕೆ ಹೋಗಿಬಿಡುತ್ತಾರೆ. ಆ ಉತ್ಸಾಹ ಯಾವ ದಿಕ್ಕಿಗೆ ಓಡುತ್ತದೆ, ಅದನ್ನು ಹಿಡಿದು ವಾಪಸ್ ತರುವವರು ಯಾರು, ಪಕ್ಕದ ಕ್ಲಾಸಿನ ಟೀಚರ್ ಬಾಗಿಲಲ್ಲಿ ಬಂದು ನಿಂತು ನೋಡುವ ನೋಟಕ್ಕೆ ಏನು ಉತ್ತರ ಕೊಡಬೇಕು, ಇದ್ಯಾವುದೂ ಅಲ್ಲಿ ಇರುವುದಿಲ್ಲ. ನಾನು ಒಂದನೇ, ಎರಡನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡುವವಳು. ಅವರು ಬಿಟ್ಟುಬಿಟ್ಟ ಭಾಗವೆಲ್ಲ ನನ್ನ ಪಾಲಿಗೆ ಬಂದಿದೆ.

ಎಲ್ಲರೂ ಮೊದಲು ಹೇಳುವ ಆಟ ‘ಸೈಮನ್ ಸೇಸ್’. ಟೀಚರ್ ‘ಸೈಮನ್ ಸೇಸ್, ಟಚ್ ಯುವರ್ ನೋಸ್’ ಎಂದರೆ ಮೂಗು ಮುಟ್ಟಬೇಕು. ಬರೀ ‘ಟಚ್ ಯುವರ್ ನೋಸ್’ ಎಂದರೆ ಮುಟ್ಟಬಾರದು, ಮುಟ್ಟಿದವರು ಔಟ್. ಈ ಬಗೆಯ ಆಟಕ್ಕೆ ದೊಡ್ಡವರ ಬೆಂಬಲವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ‘ಟೋಟಲ್ ಫಿಸಿಕಲ್ ರೆಸ್ಪಾನ್ಸ್’ ಎಂಬ ವಿಧಾನ ಬೆಳೆಸಿದರು. ಇನ್ನೂ ಮಾತು ಬಾರದ ಮಗು ಕೂಡ ‘ಚೆಂಡು ತಾ’ ಎಂದರೆ ತರುತ್ತದೆ, ಅಲ್ವಾ? ಹೊಸ ಭಾಷೆಯನ್ನೂ ಹಾಗೇ ಕಲಿಸಿ, ಮೊದಲು ಕೇಳಿ ಮಾಡಲಿ, ಮಾತು ಆಮೇಲೆ ಬರಲಿ ಎನ್ನುವುದು ಅವರ ವಾದ. ಒಪ್ಪುವ ಮಾತೇ. ಆದರೆ ಆಶರ್ ಅವರಿಗೆ ನನ್ನ ಎರಡನೇ ಬೆಂಚಿನ ಹುಡುಗ ಸಿಕ್ಕಿರಲಿಲ್ಲ.

‘ಮಿಸ್, ಸೈಮನ್ ಯಾವ ಸೆಕ್ಷನ್?’

ಅವನು ಯಾವ ಸೆಕ್ಷನ್ನೂ ಅಲ್ಲ, ಸುಮ್ನೆ ಆಟಕ್ಕೆ ಇರುವವನು ಎಂದೆ.

‘ಮತ್ತೆ ಅವನು ಹೇಳಿದ್ದನ್ನ ನಾವ್ಯಾಕೆ ಕೇಳಬೇಕು?’

ಉತ್ತರ ಹುಡುಕುವುದು ಬಿಟ್ಟು ಆಟ ಶುರು ಮಾಡಿದೆ. ಚೆನ್ನಾಗಿಯೇ ನಡೆಯಿತು. ಮೂಗು, ಕಿವಿ, ಮಂಡಿ ಎಲ್ಲ ಮುಟ್ಟಿದ್ದಾಯಿತು. ಎಲ್ಲರೂ ನಿಂತಿದ್ದಾಗ ಹೆಡ್‌ಮೇಡಂ ಒಳಗೆ ಬಂದರು. ಇಡೀ ಕ್ಲಾಸು ಎದ್ದು ನಿಂತಿದ್ದು ತಮ್ಮ ಗೌರವಕ್ಕೆ ಎಂದುಕೊಂಡಿರಬೇಕು. ನಗುತ್ತಾ ‘ಸಿಟ್ ಡೌನ್, ಚಿಲ್ಡ್ರನ್’ ಎಂದರು. ಒಬ್ಬರೂ ಅಲ್ಲಾಡಲಿಲ್ಲ. ಇನ್ನೊಮ್ಮೆ ಹೇಳಿದರು, ಈ ಸಲ ನಗು ಇರಲಿಲ್ಲ. ಒಬ್ಬ ಪಾಪ, ಹೆದರಿ ಕೂರಲು ಹೋದ. ಪಕ್ಕದವಳು ಅವನ ಅಂಗಿ ಹಿಡಿದು ಮೇಲಕ್ಕೆ ಎಳೆದಳು. ‘ಔಟ್ ಆಗ್ತೀಯ ಕಣೋ! ಸೈಮನ್ ಹೇಳಿಲ್ಲ!’

ನಾನು ಮೇಡಂ ಹತ್ತಿರ ಹೋಗಿ ಮೆಲ್ಲಗೆ, ‘ಮೊದಲು ಸೈಮನ್ ಸೇಸ್ ಅಂತ ಸೇರಿಸಿ ಮೇಡಂ’ ಎಂದೆ. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಸೇರಿಸಿದರು. ಎಲ್ಲರೂ ಒಂದೇ ಏಟಿಗೆ ಕುಳಿತರು. ಮೇಡಂ ಏನೂ ಮಾತಾಡದೆ ಹೊರಟುಹೋದರು. ಕೆಲವು ದಿನ ಬಿಟ್ಟು ಅಸೆಂಬ್ಲಿಯಲ್ಲಿ ಗಲಾಟೆ ನಿಲ್ಲದೇ ಇದ್ದಾಗ ಮೈಕಿನಲ್ಲಿ ಅವರದೇ ದನಿ ಕೇಳಿಸಿತು: ‘ಸೈಮನ್ ಸೇಸ್, ಕೀಪ್ ಕ್ವಯಟ್!’

ಈ ಆಟದಲ್ಲಿ ನಿಜವಾದ ಒಂದು ತೊಂದರೆ ಇದೆ. ಇಂಗ್ಲಿಷ್ ಅರ್ಥವಾಗದವರೇ ಮೊದಲು ಔಟ್ ಆಗುತ್ತಾರೆ. ಅಂದರೆ ಯಾರು ಜಾಸ್ತಿ ಕೇಳಿಸಿಕೊಳ್ಳಬೇಕಿತ್ತೋ ಅವರೇ ಗೋಡೆಗೆ ಒರಗಿ ಕೂರುತ್ತಾರೆ, ಚೆನ್ನಾಗಿ ಬರುವವರು ಕೊನೆವರೆಗೂ ಆಡುತ್ತಾರೆ. ಇದಕ್ಕೆ ಪರಿಹಾರವಾಗಿ ಔಟ್ ಆದವರನ್ನು ಅಂಪೈರ್ ಮಾಡಬೇಕು, ಮುಂದೆ ನಿಂತು ತಪ್ಪು ಮಾಡಿದವರನ್ನು ಅವರೇ ಹಿಡಿಯಲಿ. ಒಳ್ಳೆಯ ಉಪಾಯ. ಮೂಗು ಮುಟ್ಟುವುದಕ್ಕಿಂತ ಬೇರೆಯವರ ತಪ್ಪು ಹಿಡಿಯುವುದು ಮಜಾ ಎಂದು ಮಕ್ಕಳಿಗೆ ಗೊತ್ತಾಗುವವರೆಗೆ ಮಾತ್ರ ನಡೆಯಿತು. ಮುಂದಿನ ಸುತ್ತಿನಲ್ಲಿ ಎಲ್ಲರೂ ಬೇಕಂತಲೇ ಔಟ್. ಆಡುವವಳು ಒಬ್ಬಳೇ, ಅಂಪೈರುಗಳು ಒಂದು ದಂಡು.

ಇನ್ನೊಂದು ಆಟಕ್ಕೆ ಬೇಕಾದದ್ದು ನೊಣ ಹೊಡೆಯುವ ಪ್ಲಾಸ್ಟಿಕ್ ಬ್ಯಾಟು ಎರಡು. ಬೋರ್ಡಿನ ಮೇಲೆ ಪದಗಳನ್ನು ಅಲ್ಲಲ್ಲಿ ಚೆದುರಿಸಿ ಬರೆಯುವುದು. ಎರಡು ಟೀಮಿನಿಂದ ಒಬ್ಬೊಬ್ಬರು ಬರುತ್ತಾರೆ. ನಾನು ‘ಕೌ’ ಎಂದ ಕೂಡಲೇ ಆ ಪದಕ್ಕೆ ಮೊದಲು ಹೊಡೆದವರಿಗೆ ಪಾಯಿಂಟ್. ಅಕ್ಷರ ಕೂಡಿಸಿ ಓದುತ್ತಾ ನಿಂತರೆ ಸೋಲು, ಹಾಗಾಗಿ ಪದವನ್ನು ನೋಡಿದ ತಕ್ಷಣ ಗುರುತಿಸುವ ಅಭ್ಯಾಸ ಆಗುತ್ತದೆ. ಕ್ಲಾಸಿನಲ್ಲಿ ಇದಕ್ಕಿಂತ ಚೆನ್ನಾಗಿ ಓದಿಸುವ ಆಟ ನಾನು ಕಂಡಿಲ್ಲ. ಇದಕ್ಕಿಂತ ಜಾಸ್ತಿ ಸೀಮೆಸುಣ್ಣದ ಧೂಳು ಎಬ್ಬಿಸುವ ಆಟವನ್ನೂ ಕಂಡಿಲ್ಲ.

ಪದಗಳ ಪಕ್ಕ ಚಿತ್ರವೂ ಇರಲಿ ಎಂದು ಒಂದೊಂದು ಗೀಚಿದ್ದೆ. ಒಬ್ಬಳು ಬ್ಯಾಟು ಹಿಡಿದು ‘ಕ್ಯಾಟ್’ ಮುಂದೆ ನಿಂತವಳು ಹೊಡೆಯಲೇ ಇಲ್ಲ. ಯಾಕೆ ಎಂದರೆ ‘ಪಾಪ ಮಿಸ್, ನಗ್ತಾ ಇದೆ.’ ಹೋಗಲಿ, ಮುಟ್ಟಿದರೆ ಸಾಕು ಎಂದೆ. ಬ್ಯಾಟಿನ ತುದಿಯಿಂದ ಬೆಕ್ಕಿನ ತಲೆ ಸವರಿದಳು. ಅಷ್ಟರಲ್ಲಿ ಎದುರು ಟೀಮಿನವನು ಅದೇ ಬೆಕ್ಕಿಗೆ ಪಟ್ ಎಂದು ಬಾರಿಸಿದ. ಅವಳ ಅಳು ನಿಲ್ಲಿಸಲು ಉಳಿದ ಪೀರಿಯಡ್ ಹೋಯಿತು. ಇನ್ನು ಮುಂದೆ ಹೊಡೆಯುವ ಆಟಕ್ಕೆ ಕುರ್ಚಿ, ಮೇಜು, ಗಡಿಯಾರ ಮಾತ್ರ ಎಂದು ತೀರ್ಮಾನ ಮಾಡಿದೆ.

ಅದನ್ನು ಜಾರಿಗೆ ತರುವ ಮೊದಲೇ ಇನ್ನೊಂದು ಕೇಸು ಬಂತು. ನಾನು ‘ಕೌ’ ಎಂದೆ. ಅದೇ ಹೊತ್ತಿಗೆ ನಿಜವಾದ ನೊಣವೊಂದು ಬಂದು ‘ಹಾರ್ಸ್’ ಮೇಲೆ ಕುಳಿತಿತು. ಒಬ್ಬ ಹುಡುಗ ನೊಣಕ್ಕೆ ಹೊಡೆದ, ತಾಗಿತು ಕೂಡ. ಎದುರು ಟೀಮು, ‘ತಪ್ಪು ಪದ, ಪಾಯಿಂಟ್ ಇಲ್ಲ’ ಎಂದಿತು. ಇವನ ಟೀಮು ಒಪ್ಪಬೇಕಲ್ಲ? ‘ಇದು ನೊಣ ಹೊಡೆಯೋ ಬ್ಯಾಟು ಮಿಸ್. ನೊಣಾನೇ ಹೊಡೆದಿದ್ದಾನೆ. ಅದಕ್ಕೆ ಪಾಯಿಂಟ್ ಇಲ್ವಾ?’ ಎರಡೂ ಕಡೆ ನ್ಯಾಯ ಇತ್ತು. ಅರ್ಧ ಪಾಯಿಂಟ್ ಕೊಟ್ಟೆ. ಆಮೇಲೆ ಎರಡು ಟೀಮೂ ಸೇರಿ ನನ್ನ ಮೇಲೆ ಬಿದ್ದವು.

‘ಹ್ಯಾಂಗ್‌ಮನ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೊಂದೇ ಅಕ್ಷರ ಕೇಳುತ್ತಾ ಗುಟ್ಟಿನ ಪದ ಊಹಿಸುವ ಆಟ, ತಪ್ಪಿದಾಗೆಲ್ಲ ಬೋರ್ಡಿನ ಮೇಲಿನ ನೇಣಿನ ಚಿತ್ರಕ್ಕೆ ಒಂದು ಗೆರೆ ಸೇರುತ್ತದೆ. ನೇಣಿನ ಚಿತ್ರ ಚಿಕ್ಕ ಮಕ್ಕಳಿಗೆ ಯಾಕೆ ಎಂದು ಈಗ ತುಂಬಾ ಟೀಚರುಗಳು ಹೂವೋ ಹಿಮದ ಗೊಂಬೆಯೋ ಬರೆಯುತ್ತಾರೆ. ನಾನೂ ಗೊಂಬೆಯೇ ಬರೆದೆ. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವ ಅಕ್ಷರ ‘ಇ’, ಅದನ್ನು ಮೊದಲು ಕೇಳಿ ಎಂದು ಗುಟ್ಟನ್ನೂ ಬಿಟ್ಟುಕೊಟ್ಟೆ. ಮಕ್ಕಳು ಕೇಳಿದ್ದು ಝಡ್. ಆಮೇಲೆ ಎಕ್ಸ್. ಆಮೇಲೆ ಕ್ಯೂ. ಗೊಂಬೆಗೆ ಟೋಪಿ ಬರುವವರೆಗೂ ಸರಿ ಉತ್ತರ ಹೇಳಬಾರದು ಎಂದು ಹಿಂದಿನ ಬೆಂಚಿನಲ್ಲಿ ಆಗಲೇ ಒಪ್ಪಂದ ಆಗಿತ್ತಂತೆ.

‘ವಾಟ್ಸ್ ದ ಟೈಮ್, ಮಿಸ್ಟರ್ ವುಲ್ಫ್?’ ಆಟ ಬಯಲಿನಲ್ಲಿ ಆಡುವುದು. ಒಬ್ಬರು ತೋಳ, ಬೆನ್ನು ತಿರುಗಿಸಿ ನಿಲ್ಲಬೇಕು. ಉಳಿದವರು ಗಂಟೆ ಎಷ್ಟು ಎಂದು ಇಂಗ್ಲಿಷಿನಲ್ಲಿ ಕೂಗುತ್ತಾರೆ. ತೋಳ ‘ಫೈವ್ ಓ ಕ್ಲಾಕ್’ ಎಂದರೆ ಐದು ಹೆಜ್ಜೆ ಮುಂದೆ ಬರಬೇಕು. ಹತ್ತಿರ ಬಂದಾಗ ತೋಳ ‘ಡಿನ್ನರ್ ಟೈಮ್!’ ಎಂದು ತಿರುಗಿ ಓಡಿಸುತ್ತದೆ. ಅಂಕಿ, ಗಂಟೆ, ಪ್ರಶ್ನೆ ಕೇಳುವ ರೀತಿ, ಮೂರೂ ಒಂದೇ ಆಟದಲ್ಲಿ ಬರುತ್ತವೆ. ಮೊದಲ ತೋಳಕ್ಕೆ ಕಾಯುವ ತಾಳ್ಮೆ ಇರಲಿಲ್ಲ, ಮೊದಲ ಪ್ರಶ್ನೆಗೇ ಡಿನ್ನರ್ ಟೈಮ್. ಎರಡನೇ ತೋಳ ಪ್ರಾಮಾಣಿಕ ಹುಡುಗಿ. ತನ್ನ ಕೈಗಡಿಯಾರ ನೋಡಿಕೊಂಡು, ‘ಟೆನ್ ಟ್ವೆಂಟಿ’ ಎಂದಳು. ಹತ್ತು ಹೆಜ್ಜೆಯೋ, ಮೂವತ್ತೋ, ಹತ್ತು ದೊಡ್ಡ ಹೆಜ್ಜೆ ಮತ್ತು ಇಪ್ಪತ್ತು ಚಿಕ್ಕ ಹೆಜ್ಜೆಯೋ ಎಂದು ಕುರಿಮರಿಗಳೆಲ್ಲ ವೃತ್ತವಾಗಿ ನಿಂತು ಚರ್ಚೆಗೆ ಇಳಿದವು. ತೋಳವೂ ಬಂದು ಸೇರಿಕೊಂಡಿತು. ಇನ್ನು ಓಡುವ ವಿಷಯ. ತೋಳ ಹಿಡಿಯಲು ಬಂದರೆ ದೂರ ಓಡಬೇಕು ಎಂದು ಮಕ್ಕಳಿಗೆ ಯಾರು ಹೇಳಬೇಕು? ಅರ್ಧ ಜನ ತೋಳದ ಕಡೆಗೇ ಓಡಿದರು. ಸಿಕ್ಕಿಬಿದ್ದವರೇ ಮುಂದಿನ ತೋಳ ತಾನೇ?

ಟ್ರೇ ಆಟ ಇದಕ್ಕಿಂತ ಶಾಂತ. ಕೆಲವು ವಸ್ತುಗಳನ್ನು ಟ್ರೇಯಲ್ಲಿಟ್ಟು ತೋರಿಸಿ, ಬಟ್ಟೆ ಮುಚ್ಚಿ, ಒಂದನ್ನು ತೆಗೆದುಬಿಡುವುದು. ಯಾವುದು ಇಲ್ಲ ಎಂದು ಮಕ್ಕಳು ಇಂಗ್ಲಿಷಿನಲ್ಲಿ ಹೇಳಬೇಕು. ಇದನ್ನು ‘ಕಿಮ್ಸ್ ಗೇಮ್’ ಎನ್ನುತ್ತಾರೆ. ಕಿಪ್ಲಿಂಗ್ 1901ರಲ್ಲಿ ಪ್ರಕಟಿಸಿದ ‘ಕಿಮ್’ ಕಾದಂಬರಿಯಲ್ಲಿ ಒಬ್ಬ ಹುಡುಗನನ್ನು ಗೂಢಚಾರನನ್ನಾಗಿ ತಯಾರು ಮಾಡಲು ಇಂಥದ್ದೇ ಆಟ ಆಡಿಸುತ್ತಾರೆ, ಅಲ್ಲಿಂದ ಸ್ಕೌಟುಗಳಿಗೂ ಬಂತು. ಗೂಢಚಾರ ತರಬೇತಿ ಚೆನ್ನಾಗಿಯೇ ಕೆಲಸ ಮಾಡುತ್ತದೆ ಎಂದು ನಾನು ಹೇಳಬಲ್ಲೆ. ಬೀರುವಿನ ಕೀಲಿಯನ್ನು ಟ್ರೇಯಿಂದ ತೆಗೆದು ಬಚ್ಚಿಡಲು ಒಬ್ಬನಿಗೆ ಕೊಟ್ಟಿದ್ದೆ. ‘ಕೀ!’ ಎಂದು ಎಲ್ಲರೂ ಸರಿಯಾಗಿ ಹೇಳಿದರು. ಎಲ್ಲಿಟ್ಟಿದ್ದೀಯ ಎಂದರೆ ಅವನು ಮಾತ್ರ ಬಾಯಿ ಬಿಡಲಿಲ್ಲ. ‘ಸೀಕ್ರೆಟ್ ಮಿಸ್’ ಎಂದ. ಹಾಜರಿ ಪುಸ್ತಕ ಬೀರುವಿನೊಳಗೆ, ಕೀಲಿ ಇದ್ದದ್ದು ಅವನ ಸಾಕ್ಸಿನೊಳಗೆ.

ಇಷ್ಟೆಲ್ಲ ಆಡಿಸಿದ ಮೇಲೆ ಮಕ್ಕಳ ಬಾಯಲ್ಲಿ ಉಳಿದ ಇಂಗ್ಲಿಷ್ ಯಾವುದು ಎಂದು ನೋಡಿದರೆ, ನಾನು ಕಾರ್ಡು ಮಾಡಿ ಬಣ್ಣ ಹಚ್ಚಿದ ಪದಗಳಲ್ಲ. ಜೀಬ್ರಾ ಯಾರಿಗೂ ಅರ್ಜೆಂಟಾಗಿ ಬೇಕಾಗುವುದಿಲ್ಲ. ‘ಮೈ ಟರ್ನ್’ ಪ್ರತಿ ನಿಮಿಷ ಬೇಕು. ‘ನಾಟ್ ಫೇರ್’, ‘ವೇಟ್’, ‘ಒನ್ ಮೋರ್’, ‘ಯೂ ಆರ್ ಔಟ್’, ‘ಚೀಟಿಂಗ್’, ಇವನ್ನು ನಾನು ಪಾಠ ಮಾಡಿದ್ದೇ ಇಲ್ಲ. ಹಾಗಾಗಿ ಹೊಸ ನಿಯಮ ಮಾಡಿದೆ. ಆಟದಲ್ಲಿ ಜಗಳ ಆಡಬಹುದು, ಆದರೆ ದೂರು ಇಂಗ್ಲಿಷಿನಲ್ಲಿ ಕೊಟ್ಟರೆ ಮಾತ್ರ ವಿಚಾರಣೆ.

ಆ ವಾರ ಬಿಂಗೊ ಆಡಿಸಿದೆ. ಬೋರ್ಡಿನ ಮೇಲೆ 16 ಚಿತ್ರ, ಪ್ರತಿಯೊಬ್ಬರೂ ತಮಗೆ ಇಷ್ಟವಾದ 9 ಆರಿಸಿಕೊಂಡು ತಮ್ಮ ಹಾಳೆಯ ಚೌಕಗಳಲ್ಲಿ ಬರೆಯಬೇಕು. ನಾನು ಕರೆದ ಪದದ ಚಿತ್ರಕ್ಕೆ ಗುರುತು ಹಾಕುತ್ತಾ ಹೋಗಿ, ಒಂಬತ್ತೂ ಮುಗಿದವರು ‘ಬಿಂಗೊ’ ಎಂದು ಕೂಗಬೇಕು. ಹದಿನಾರರಲ್ಲಿ ಒಂಬತ್ತನ್ನು ಆರಿಸಲು 11,440 ದಾರಿಗಳಿವೆ. ಇಡೀ ಕ್ಲಾಸು ಸೇರಿ ಆರಿಸಿಕೊಂಡದ್ದು ಒಂದೇ ದಾರಿ: ಮುಂದಿನ ಬೆಂಚಿನಲ್ಲಿ ಚೆನ್ನಾಗಿ ಚಿತ್ರ ಬರೆಯುವ ಹುಡುಗಿಯದ್ದು. ಅದು ಒಬ್ಬರಿಂದೊಬ್ಬರಿಗೆ ಹಿಂದಿನ ಗೋಡೆಯವರೆಗೂ ಹೋಗಿತ್ತು. ಹಾಗಾಗಿ ಒಂಬತ್ತನೇ ಪದ ಕರೆದದ್ದೇ ತಡ, ಎಲ್ಲರೂ ಒಟ್ಟಿಗೆ ‘ಬಿಂಗೊ!’

ಆ ಚಿತ್ರದ ಹುಡುಗಿ ಅವತ್ತಿನವರೆಗೆ ಕ್ಲಾಸಿನಲ್ಲಿ ಬಾಯಿ ತೆರೆದವಳಲ್ಲ. ಹಾಜರಿಗೂ ಕೈ ಎತ್ತುವವಳು. ಈಗ ಎದ್ದು ನಿಂತು, ಮುಖ ಕೆಂಪು ಮಾಡಿಕೊಂಡು, ಪಕ್ಕದವನ ಕಡೆ ಬೆರಳು ತೋರಿಸಿದಳು.

‘ಮಿಸ್! ಹಿ ಲುಕಿಂಗ್ ಮೈ ಪೇಪರ್! ಎವ್ರಿ ಡೇ ಲುಕಿಂಗ್!’

ವಿಚಾರಣೆ ಶುರುವಾಯಿತು. ಆರೋಪಿ ಎದ್ದು ನಿಂತ. ಅವನೂ ಇಂಗ್ಲಿಷಿನಲ್ಲೇ ಮಾತಾಡಬೇಕಲ್ಲ, ಸ್ವಲ್ಪ ಹೊತ್ತು ಛಾವಣಿ ನೋಡಿದ.

‘ನೋ ಮಿಸ್. ಐ ನಾಟ್ ಲುಕಿಂಗ್. ಮೈ ಐಸ್ ಲುಕಿಂಗ್.’

ಇಬ್ಬರಿಗೂ ಒಂದೊಂದು ಪಾಯಿಂಟ್ ಕೊಟ್ಟೆ. ಅದನ್ನು ಬೋರ್ಡಿನ ಮೇಲೆ ಬರೆದು ತಿರುಗುವಷ್ಟರಲ್ಲಿ ಉಳಿದವರೆಲ್ಲ ‘ನಾಟ್ ಫೇರ್’ ಎನ್ನುತ್ತಾ ನನ್ನ ಟೇಬಲ್ ಮುಂದೆ ಸಾಲು ನಿಂತಿದ್ದರು. ಆ ಸಾಲಿನಲ್ಲಿ ಯಾರು ಮೊದಲು ಎನ್ನುವುದಕ್ಕೆ ‘ಮೈ ಟರ್ನ್’ ಬೇರೆ ಶುರುವಾಗಿತ್ತು.