ನೈಂಟಿ ಕೊಟ್ಟು ಹೋಗಿ

ಕರ್ನಾಟಕದಲ್ಲಿ ‘ನೈಂಟಿ’ ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಏಳರ ಮೇಲೆ ಒಳಗೆ ಹೋಗುವ ಅಳತೆ ಅದು. ಅಂತರರಾಷ್ಟ್ರೀಯ ಕ್ರೀಡಾಲೋಕದಲ್ಲೂ ಅದೇ ಅಳತೆ ಇದೆ. ಆದರೆ ಅಲ್ಲಿ ಅದು ಹೊರಗೆ ಬರಬೇಕು. ಉದ್ದೀಪನ ಮದ್ದಿನ ಪರೀಕ್ಷೆಗೆ ಕಡಿಮೆ ಅಂದರೂ 90 ಮಿಲಿಲೀಟರ್ ಮೂತ್ರ ಬೇಕು. 80 ಕೊಟ್ಟರೆ ನಡೆಯುವುದಿಲ್ಲ. ಅಷ್ಟನ್ನು ಸೀಲ್ ಮಾಡಿಟ್ಟು, ಉಳಿದದ್ದು ಬರುವವರೆಗೆ ಕೂರಿಸುತ್ತಾರೆ. ಬೇಗ ಬರಲಿ ಅಂತ ಕೊಡಗಟ್ಟಲೆ ನೀರು ಕುಡಿದರೆ ‘ತೀರಾ ತೆಳ್ಳಗಿದೆ, ಇನ್ನೊಂದು ಸಲ ಕೊಡಿ’ ಅನ್ನುತ್ತಾರೆ. ಊರಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಅದ್ದಿ ನೋಡಿ ಹಾಲು ವಾಪಸ್ ಕಳಿಸುತ್ತಾರಲ್ಲ, ಥೇಟ್ ಹಾಗೆ.

ಕೊಡುವ ಕ್ರಮವೂ ಶಾಸ್ತ್ರೋಕ್ತವಾಗಿದೆ. ಅಂಗಿ ಎದೆವರೆಗೆ ಎತ್ತಬೇಕು. ಚಡ್ಡಿ ಮೊಣಕಾಲಿಗೆ ಇಳಿಸಬೇಕು. ತೋಳು ಮಡಚಬೇಕು. ಬಾಟಲಿಗೆ ಬೀಳುತ್ತಿರುವುದು ಸ್ವಂತದ್ದೇ ಅಂತ ಅಧಿಕಾರಿಯೊಬ್ಬರು ನಿಂತು ಕಣ್ಣಾರೆ ನೋಡಬೇಕು. ನಮ್ಮಲ್ಲಿ ಗೋಡೆಗೆ ದೇವರ ಟೈಲ್ಸ್ ಅಂಟಿಸಿ ‘ಇಲ್ಲಿ ಮಾಡಬೇಡಿ’ ಅಂತ ಬೇಡಿಕೊಂಡರೂ ಜನ ನಿಲ್ಲಿಸುವುದಿಲ್ಲ. ಅಲ್ಲಿ ಒಲಿಂಪಿಕ್ ಚಾಂಪಿಯನ್ನನ ಮುಂದೆ ನಿಂತು ‘ಮಾಡಿ ಸಾರ್, ಮಾಡಿ’ ಅಂದರೂ ಬರುವುದಿಲ್ಲ. ಇದನ್ನೆಲ್ಲ ನಡೆಸಲು 1999ರಲ್ಲಿ ಹುಟ್ಟಿದ ಜಾಗತಿಕ ಸಂಸ್ಥೆಯ ಹೆಸರು ವಾಡಾ. ನಮ್ಮ ದೇಶದ್ದು ನಾಡಾ. ಹಿಂದಿಯಲ್ಲಿ ನಾಡಾ ಅಂದರೆ ಲಾಡಿ. ಹೆಸರಿಟ್ಟವರಿಗೆ ಕೆಲಸದ ಬಗ್ಗೆ ಒಳ್ಳೆಯ ತಿಳಿವಳಿಕೆ ಇತ್ತು.

ಇನ್ನು ‘ಎಲ್ಲಿದ್ದೀಯಾ’ ನಿಯಮ. ದೊಡ್ಡ ಮಟ್ಟದ ಆಟಗಾರರು ಪ್ರತಿದಿನ ಯಾವ ಒಂದು ಗಂಟೆ ಎಲ್ಲಿ ಸಿಗುತ್ತಾರೆ ಅಂತ ಮೂರು ಮೂರು ತಿಂಗಳಿಗೆ ಮೊದಲೇ ಬರೆದುಕೊಡಬೇಕು. ಆ ಹೊತ್ತಿಗೆ ಅಧಿಕಾರಿ ಬಂದಾಗ ಇಲ್ಲದಿದ್ದರೆ ಒಂದು ತಪ್ಪು. 12 ತಿಂಗಳಲ್ಲಿ ಮೂರು ತಪ್ಪಾದರೆ ಎರಡು ವರ್ಷದವರೆಗೆ ಮನೆಯಲ್ಲಿ. ಹಾಸಿಗೆಯಲ್ಲಿ ಮಲಗಿಕೊಂಡೇ ‘ಸಿಲ್ಕ್ ಬೋರ್ಡ್ ಹತ್ರ ಇದೀನಿ, ಐದೇ ನಿಮಿಷ’ ಅನ್ನುವ ಬೆಂಗಳೂರಿನವರೆಲ್ಲ ಈ ಲೆಕ್ಕದಲ್ಲಿ ಮಧ್ಯಾಹ್ನದೊಳಗೆ ಔಟ್.

ಓಡುವವರು, ಭಾರ ಎತ್ತುವವರು, ಕುಸ್ತಿಯವರು ತಲೆಬಗ್ಗಿಸಿ ಬರೆದುಕೊಟ್ಟರು. ನಮ್ಮ ಕ್ರಿಕೆಟ್ ಮಂಡಳಿ ಮಾತ್ರ ವರ್ಷಗಟ್ಟಲೆ ಒಪ್ಪಲಿಲ್ಲ. ಆಟಗಾರರು ಎಲ್ಲಿದ್ದಾರೆ ಅಂತ ಹೇಳುವುದು ಭದ್ರತೆಗೆ ಅಪಾಯವಂತೆ. ಅವರು ಎಲ್ಲಿದ್ದಾರೆ ಅಂತ ಇಡೀ ದೇಶ ಟೀವಿಯಲ್ಲಿ ನೋಡುತ್ತಿತ್ತು, ಇರಲಿ ಬಿಡಿ. 2019ರಲ್ಲಿ ಪೃಥ್ವಿ ಶಾ ಕೆಮ್ಮಿನ ಸಿರಪ್ ಕುಡಿದು ಸಿಕ್ಕಿಬಿದ್ದರು. ಮಂಡಳಿಯೇ ವಿಚಾರಣೆ ಮಾಡಿ ಎಂಟು ತಿಂಗಳು ನಿಷೇಧ ಹಾಕಿತು. ಆದೇಶ ಬಂದದ್ದು ಜುಲೈ 30ಕ್ಕೆ, ನಿಷೇಧ ಶುರುವಾದದ್ದು ಮಾರ್ಚ್ 16ಕ್ಕೆ. ನಡುವೆ ಅವರು ಇಡೀ ಐಪಿಎಲ್ ಆಡಿ ಮುಗಿಸಿದ್ದರು. ಅಂದರೆ ಅವರು ಬ್ಯಾಟ್ ಬೀಸುತ್ತಿದ್ದಾಗಲೇ ನಿಷೇಧದಲ್ಲಿದ್ದರು, ಪಾಪ ಅವರಿಗೇ ಗೊತ್ತಿರಲಿಲ್ಲ. ಆಗಸ್ಟ್‌ನಲ್ಲಿ ಮಂಡಳಿ ಕೊನೆಗೂ ನಾಡಾಕ್ಕೆ ತಲೆಬಾಗಿತು. ಅದೇ ಆಗಸ್ಟ್‌ನಲ್ಲಿ ವಾಡಾ ಬಂದು ದೆಹಲಿಯ ನಮ್ಮ ಪರೀಕ್ಷಾ ಲ್ಯಾಬ್ ಸರಿಯಿಲ್ಲ ಅಂತ ಮಾನ್ಯತೆಯನ್ನೇ ಅಮಾನತು ಮಾಡಿತು. ಮದುವೆಗೆ ಗಂಡು ಒಪ್ಪಿದ ದಿನವೇ ಛತ್ರಕ್ಕೆ ಬೀಗ.

ಇಷ್ಟು ಮಡಿಯಿಂದ ಹಿಡಿದ ಬಾಟಲಿ ಆಮೇಲೆ ಎಲ್ಲಿಗೆ ಹೋಗುತ್ತದೆ? ರಷ್ಯಾದ ಸೋಚಿಯಲ್ಲಿ 2014ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅದು ಪರೀಕ್ಷಾ ಲ್ಯಾಬಿನ ಗೋಡೆಯ ತೂತಿನೊಳಗೆ ಹೋಯಿತು. ಹಗಲು ಆ ತೂತಿಗೆ ಒಂದು ಬೀರು ಅಡ್ಡ. ರಾತ್ರಿ ಬೀರು ಸರಿಸಿ, ಬಾಟಲಿಯನ್ನು ಪಕ್ಕದ ಕೋಣೆಗೆ ದಾಟಿಸುವುದು. ಅಲ್ಲಿ ಗುಪ್ತಚರ ಇಲಾಖೆಯವರು. ಯಾರಿಗೂ ತೆಗೆಯಲು ಬರುವುದಿಲ್ಲ ಅಂತ ಸ್ವಿಟ್ಜರ್ಲೆಂಡ್‌ನವರು ಎದೆತಟ್ಟಿ ಹೇಳಿದ್ದ ಮುಚ್ಚಳವನ್ನು ಇವರು ತೆಗೆದು ಕೊಡುತ್ತಿದ್ದರು. ತಿಂಗಳುಗಳ ಹಿಂದೆ ಉಪ್ಪಿನಕಾಯಿಯಂತೆ ಕೂಡಿಟ್ಟಿದ್ದ ಶುದ್ಧ ಮೂತ್ರ ತುಂಬಿ, ಬಾಟಲಿ ವಾಪಸ್. ಇದನ್ನೆಲ್ಲ 2016ರಲ್ಲಿ ಹೊರಹಾಕಿದ್ದು ಆ ಲ್ಯಾಬಿನ ಮುಖ್ಯಸ್ಥರೇ ಆಗಿದ್ದ ಗ್ರಿಗೊರಿ ರೊದ್ಚೆಂಕೋವ್, ಅದೂ ಅಮೆರಿಕಕ್ಕೆ ಓಡಿಹೋದ ಮೇಲೆ. ಮೂರು ಸ್ಟೆರಾಯ್ಡ್‌ಗಳನ್ನು ಗಂಡಸರಿಗೆ ವಿಸ್ಕಿಯಲ್ಲಿ, ಹೆಂಗಸರಿಗೆ ವರ್ಮೂತ್ ಅನ್ನುವ ವೈನಿನಲ್ಲಿ ಕದಡಿ ಕೊಡುತ್ತಿದ್ದರಂತೆ. ನಾನು ಆಗಲೇ ಹೇಳಿದೆನಲ್ಲ, ಎಲ್ಲ ನೈಂಟಿಯದೇ ಲೆಕ್ಕ.

ಹೊಸದಾಗಿ ತುಂಬಿದ್ದು ಹಳೆಯದಕ್ಕೆ ಹೊಂದಲಿ ಅಂತ ಉಪ್ಪು ಬೆರೆಸಿದರು. ಕೆಲವು ಬಾಟಲಿಗಳಲ್ಲಿ ಉಪ್ಪು ಎಷ್ಟು ಜಾಸ್ತಿ ಆಯಿತೆಂದರೆ, ಮನುಷ್ಯರ ಮೈಯಿಂದ ಬರಲು ಸಾಧ್ಯವೇ ಇಲ್ಲ ಅಂತ ತನಿಖೆಯವರು ಬರೆದರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ಇಲ್ಲಿ ನೀರು ಕುಡಿದದ್ದು ಯಾರು? ಶಿಕ್ಷೆಯಾಗಿ ದೇಶದ ಹೆಸರು ಬದಲಾಯಿಸಿದರು! 2018ರಲ್ಲಿ ಅವರು ‘ರಷ್ಯಾದಿಂದ ಬಂದ ಒಲಿಂಪಿಕ್ ಕ್ರೀಡಾಪಟುಗಳು’. 168 ಜನ ಬಂದರು. ಟೋಕಿಯೊಗೆ ಬರುವಾಗ ‘ಆರ್‌ಒಸಿ’ ಆದರು. ಅದನ್ನು ‘ರಷ್ಯನ್ ಒಲಿಂಪಿಕ್ ಕಮಿಟಿ’ ಅಂತ ಬಿಡಿಸಿ ಓದುವ ಹಾಗಿರಲಿಲ್ಲ, ಮೂರಕ್ಷರ ಮಾತ್ರ. ನಮ್ಮಜ್ಜಿ ಅಜ್ಜನ ಹೆಸರು ಹೇಳದೆ ‘ನಮ್ಮನೆಯವರು’ ಅನ್ನುತ್ತಿದ್ದ ಹಾಗೆ. ಊರಿಗೆಲ್ಲ ಗೊತ್ತು ಯಾರು ಅಂತ. ಹೇಳಬಾರದು, ಅಷ್ಟೆ.

2018ರ ಆ ತಂಡದಲ್ಲಿ ಬಾಬ್‌ಸ್ಲೆಡ್, ಅಂದರೆ ಮಂಜುಗಡ್ಡೆಯ ಮೇಲೆ ಜಾರುವ ಬಂಡಿ ಓಡಿಸುವ ನದೆಜ್ದಾ ಸೆರ್ಗೆಯೆವಾ ಇದ್ದರು. ‘ನಾನು ಡೋಪಿಂಗ್ ಮಾಡಲ್ಲ’ ಅಂತ ಬರೆದ ಅಂಗಿ ಹಾಕಿಕೊಂಡು ವಿಡಿಯೊದಲ್ಲಿ ಕಾಣಿಸಿಕೊಂಡಿದ್ದರು. ಆಮೇಲೆ ಸಿಕ್ಕಿಬಿದ್ದರು. ಸಿಕ್ಕಿದ್ದು ಟ್ರೈಮೆಟಾಜಿಡಿನ್, ಅಂದರೆ ಎದೆನೋವಿನ ಮಾತ್ರೆ. ವಯಸ್ಸಾದವರು ಡಬ್ಬಿಯಲ್ಲಿ ಇಟ್ಟುಕೊಳ್ಳುವಂಥದ್ದು. 2021ರ ಡಿಸೆಂಬರ್‌ನಲ್ಲಿ ಕೊಟ್ಟಿದ್ದ ಮಾದರಿಯಲ್ಲಿ 15 ವರ್ಷದ ರಷ್ಯಾದ ಸ್ಕೇಟರ್ ಕಮಿಲಾ ವಲಿಯೆವಾಳ ಮೈಯಲ್ಲೂ ಅದೇ ಮಾತ್ರೆ ಇತ್ತು ಅಂತ 2022ರ ಬೀಜಿಂಗ್ ಒಲಿಂಪಿಕ್ಸ್ ನಡುವೆ ಗೊತ್ತಾಯಿತು. ‘ತಾತನ ಲೋಟದಲ್ಲಿ ಕುಡಿದಿರಬೇಕು’ ಅಂದರು. ಆಮೇಲೆ ‘ತಾತ ಮಾಡಿಕೊಟ್ಟ ಸ್ಟ್ರಾಬೆರಿ ಸಿಹಿ’ ಅಂದರು. ತೀರ್ಪು ಬರಲು 2024ರ ಜನವರಿ ಆಯಿತು, ನ್ಯಾಯಮಂಡಳಿ ತಾತನನ್ನು ನಂಬಲಿಲ್ಲ. ಅವಳ ತಂಡ ಗೆದ್ದಿದ್ದ ಚಳಿಗಾಲದ ಆ ಚಿನ್ನವನ್ನು ಅಮೆರಿಕದವರಿಗೆ ಕೊಟ್ಟದ್ದು ಎರಡೂವರೆ ವರ್ಷದ ಮೇಲೆ, ಪ್ಯಾರಿಸ್‌ನ ಬೇಸಿಗೆಯಲ್ಲಿ.

ಆದರೆ ಚೀನಾದ ಅಡುಗೆಮನೆಯನ್ನು ನಂಬಿದರು. 2021ರ ಜನವರಿಯಲ್ಲಿ 23 ಈಜುಗಾರರಲ್ಲಿ ಇದೇ ಮಾತ್ರೆಯ ಅಂಶ ಸಿಕ್ಕಿತು. ಅವರು ಉಳಿದಿದ್ದ ಹೋಟೆಲ್ಲಿನ ಅಡುಗೆಮನೆಯ ಹೊಗೆ ಹೀರುವ ಫ್ಯಾನು, ಮಸಾಲೆ ಡಬ್ಬಿ, ಮೋರಿ, ಎಲ್ಲ ಕಡೆ ಅದೇ ಇತ್ತು ಅಂತ ಅಲ್ಲಿನವರು ವರದಿ ಕೊಟ್ಟರು. ಎದೆನೋವಿನ ಮಾತ್ರೆ ಮಸಾಲೆ ಡಬ್ಬಿಗೆ ಹೇಗೆ ಬಂತು ಅಂತ ವರದಿ ಹೇಳಲಿಲ್ಲ. ಮೇಲ್ಮನವಿಗೆ ಆಧಾರ ಇಲ್ಲ ಅಂತ ವಾಡಾ ಸುಮ್ಮನಾಯಿತು. 2024ರವರೆಗೆ ಜಗತ್ತಿಗೆ ಗೊತ್ತೇ ಆಗಲಿಲ್ಲ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದ ಕಥೆ ಕೇಳಿದ್ದೆ. ಮೋರಿಗೆ ಒರೆಸಿದ್ದು ಇದೇ ಮೊದಲು.

ತಾತ, ಅಡುಗೆಮನೆ ಎರಡೂ ಇಲ್ಲದವರ ಪಾಡು ಬೇರೆ. 2000ರ ಸಿಡ್ನಿಯಲ್ಲಿ ರುಮೇನಿಯಾದ 16 ವರ್ಷದ ಆಂದ್ರೆಯಾ ರದುಕಾನ್, ತಂಡದ ಡಾಕ್ಟರು ನೆಗಡಿಗೆ ಕೊಟ್ಟ ಮಾತ್ರೆ ನುಂಗಿ ಜಿಮ್ನಾಸ್ಟಿಕ್ಸ್ ಚಿನ್ನ ಕಳೆದುಕೊಂಡಳು. 2004ರಲ್ಲಿ ಆ ಔಷಧಿಯನ್ನು ಪಟ್ಟಿಯಿಂದ ತೆಗೆದರು. 2010ರಲ್ಲಿ ಮತ್ತೆ ಸೇರಿಸಿದರು. ಚಿನ್ನ ಮಾತ್ರ ವಾಪಸ್ ಬರಲಿಲ್ಲ. 2002ರಲ್ಲಿ ಬ್ರಿಟನ್ನಿನ ಅಲೈನ್ ಬ್ಯಾಕ್ಸ್‌ಟರ್ ಅಮೆರಿಕದಲ್ಲಿ ಕೊಂಡ ವಿಕ್ಸ್ ಇನ್ಹೇಲರ್ ಮೂಗಿಗೆ ಎಳೆದು ಸ್ಕೀಯಿಂಗ್ ಕಂಚು ಕಳೆದುಕೊಂಡ. ಅವನ ಊರಿನ ವಿಕ್ಸ್‌ನಲ್ಲಿ ಇಲ್ಲದ ವಸ್ತು ಅಲ್ಲಿನದರಲ್ಲಿ ಇತ್ತು. ನಮ್ಮ ಕುಂದಾಪುರ ಕಡೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ತಂದಾಗ ನಾವೆಲ್ಲ ಪಟಾಕಿ ಹೊಡೆದೆವು. ಮರುವರ್ಷ ಸಿಕ್ಕಿಬಿದ್ದಾಗ, ಉಕ್ರೇನಿನ ಕೋಚ್ ಕೊಟ್ಟ ಜಿನ್ಸೆಂಗ್ ಗುಳಿಗೆಯಿಂದ ಬಂತು ಅಂದರು. ಮೈಯೊಳಗೆ ಏನೇ ಹೋದರೂ ಹೊಣೆ ನಿನ್ನದೇ ಅಂತ ನಿಯಮ. ಎರಡು ವರ್ಷ ಹೋಯಿತು, ಲಂಡನ್ ಒಲಿಂಪಿಕ್ಸ್ ಹೋಯಿತು.

ಕುದುರೆಗಳನ್ನೂ ಬಿಟ್ಟಿಲ್ಲ. 2008ರ ಒಲಿಂಪಿಕ್ಸ್‌ನಲ್ಲಿ ನಾಲ್ಕು ಕುದುರೆಗಳ ಮೈಯಲ್ಲಿ ಕ್ಯಾಪ್ಸೈಸಿನ್ ಸಿಕ್ಕಿ ಸವಾರರು ಹೊರಬಿದ್ದರು. ಅದು ಮೆಣಸಿನಕಾಯಿಯ ಖಾರ. ಬ್ಯಾಡಗಿ ಮಾರುಕಟ್ಟೆಗೆ ಚೀಲ ಹೊತ್ತು ಬರುವ ಎತ್ತುಗಳು ಒಲಿಂಪಿಕ್ಸ್ ಆಸೆ ಬಿಡುವುದು ಒಳ್ಳೆಯದು.

ಮಾದರಿಗಳನ್ನು ಹತ್ತು ವರ್ಷ ಇಟ್ಟುಕೊಂಡು ಮತ್ತೆ ಮತ್ತೆ ಪರೀಕ್ಷೆ ಮಾಡಬಹುದು. ಹಾಗಾಗಿ 2012ರ ಲಂಡನ್ 94 ಕೆಜಿ ಭಾರ ಎತ್ತುವ ಸ್ಪರ್ಧೆಯಲ್ಲಿ ಮೊದಲ ಮೂವರೂ ಹೋದರು. ನಾಲ್ಕು, ಆರು, ಏಳನೆಯವರೂ ಹೋದರು. ಐದನೆಯವನಿಗೆ ಚಿನ್ನ, ಎಂಟನೆಯವನಿಗೆ ಬೆಳ್ಳಿ, ಒಂಬತ್ತನೆಯ ಪೋಲೆಂಡಿನ ತೊಮಾಶ್ ಝೆಲಿನ್ಸ್ಕಿಗೆ ಕಂಚು. ಆತ 2016ರ ರಿಯೊದಲ್ಲಿ ಡೋಪಿಂಗ್‌ಗಾಗಿ ಮನೆಗೆ ಹೋದ. ಹತ್ತನೆಯವನು ಸ್ವಲ್ಪ ತಾಳ್ಮೆಯಿಂದಿರಲಿ.

ನಾವೇನು ಹಿಂದೆ ಬಿದ್ದಿಲ್ಲ. ಪ್ಯಾರಿಸ್ ಪದಕಪಟ್ಟಿಯಲ್ಲಿ ನಮ್ಮದು 71ನೇ ಜಾಗ. ಮದ್ದು ತಿಂದು ಸಿಕ್ಕಿಬಿದ್ದವರ ವಾಡಾ ಪಟ್ಟಿಯಲ್ಲಿ, ಹೆಚ್ಚು ಪರೀಕ್ಷೆ ಮಾಡುವ ದೇಶಗಳ ಪೈಕಿ, 2022ರಿಂದ ಸತತ ಮೂರು ವರ್ಷ ಒಂದನೇ ಜಾಗ. 2024ರಲ್ಲಿ 7,113 ಮಾದರಿಗಳಲ್ಲಿ 260 ಮಾದರಿಗಳಲ್ಲಿ ಮದ್ದು ಸಿಕ್ಕಿತು. 2036ರ ಒಲಿಂಪಿಕ್ಸ್ ನಮಗೇ ಕೊಡಿ ಅಂತ ಕೇಳುತ್ತಿರುವುದೂ ನಾವೇ.

ಪೂರ್ವಾಭ್ಯಾಸ 2023ರ ಸೆಪ್ಟೆಂಬರ್‌ನಲ್ಲೇ ಆಗಿದೆ. ದೆಹಲಿಯ ನೆಹರೂ ಕ್ರೀಡಾಂಗಣದಲ್ಲಿ ರಾಜ್ಯ ಅಥ್ಲೆಟಿಕ್ಸ್ ಕೂಟ. ಶೌಚಾಲಯದಲ್ಲಿ ಬಿದ್ದಿದ್ದ ಸಿರಿಂಜುಗಳ ವಿಡಿಯೊ ಎಲ್ಲ ಕಡೆ ಓಡಾಡಿತು. ಕೊನೆಯ ದಿನ ನಾಡಾದವರು ಬಂದರು. ಯಾರ ಹೆಸರನ್ನೂ ಹೇಳಲಿಲ್ಲ, ಸುಮ್ನೆ ಬಂದರು ಅಷ್ಟೆ. ಕುಂಬಳಕಾಯಿ ಕಳ್ಳ ಅಂದರೆ ಒಬ್ಬ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇಲ್ಲಿ ಹೆಗಲುಗಳೇ ಮಾಯವಾದವು. ಪುರುಷರ 100 ಮೀಟರ್ ಫೈನಲ್‌ಗೆ ಬಂದದ್ದು ಒಬ್ಬನೇ ಓಟಗಾರ. ಅವನೇ ಓಡಿದ, ಅವನೇ ಮೊದಲು ಬಂದ, ಕೊನೆಗೆ ಬಂದದ್ದೂ ಅವನೇ.

ಸ್ಟೀಪಲ್‌ಚೇಸ್‌ನಲ್ಲಿ ಓಡುತ್ತಿದ್ದ ಜೂನಿಯರ್ ಹುಡುಗಿಯೊಬ್ಬಳು ಗುರಿ ಮುಟ್ಟಿದ ಮೇಲೂ ನಿಲ್ಲದೆ ಓಡುತ್ತಲೇ ಹೋದಳು, ಅಧಿಕಾರಿ ಹಿಂದೆ ಓಡಬೇಕಾಯಿತು ಅಂತ ಪತ್ರಿಕೆಗಳು ಬರೆದವು. ಮೂರು ಸಾವಿರ ಮೀಟರ್ ತಯಾರಿಯ ಕಾಲುಗಳ ಹಿಂದೆ ಆಫೀಸಿನ ಕುರ್ಚಿಯ ಕಾಲುಗಳು. ಆ ಅಧಿಕಾರಿಯ ಟೈಮಿಂಗ್ ಯಾರೂ ಬರೆದುಕೊಂಡಿಲ್ಲ. ಮದ್ದಿಲ್ಲದೆ ಓಡಿದವರು ಅಂತ ಆ ದಿನ ಖಾತ್ರಿಯಾಗಿ ಹೇಳಬಹುದಾದದ್ದು ಅವರೊಬ್ಬರ ಬಗ್ಗೆ.